ಮೀಟರ್ ಹಚ್ಚಿ ನೋಡುವ ಶೆಟ್ಟೆಪ್ಪ

ಮೂಡಲಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಶೆಟ್ಟೆಪ್ಪನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟರಿನ ಹಳೆ ತಂತಿ ಕಿತ್ತು ಹೊಸದು ಸುತ್ತಿಕೊಡುವ ಕೆಲಸ. ವಯಸ್ಸು ಅರವತ್ತೊಂದು. ಕೈ ಈಗಲೂ ನಡುಗುವುದಿಲ್ಲ, ಆದರೆ ಮನಸ್ಸು ಯಾರನ್ನೂ ನಂಬುವುದಿಲ್ಲ. ಚಹಾ ಕೊಟ್ಟರೆ ಕಪ್ಪಿನ ತಳ ನೋಡುತ್ತಾನೆ. ಬಾಳೆಹಣ್ಣಿನ ಗಾಡಿಯವನು ಡಜನ್ ಎಣಿಸಿ ಕೊಟ್ಟರೆ ಅವನೆದುರಿಗೇ ನಿಂತು ತಾನೊಮ್ಮೆ ಎಣಿಸುತ್ತಾನೆ, ಸರಿಯಾಗಿ ಹನ್ನೆರಡು ಬಂದರೆ ಇನ್ನೊಮ್ಮೆ ಎಣಿಸುತ್ತಾನೆ. ಅಂಗಡಿಗೆ ಬಂದ ತಂತಿಯ ಸುರುಳಿಯನ್ನಂತೂ ಬ್ಲೇಡಿನಿಂದ ಮೂರು ಕಡೆ ಕೆರೆದು, ಒಳಗೂ ಕೆಂಪಗಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡದೆ ಒಳಗಿಡುವುದಿಲ್ಲ.

"ತಾಳಿ ಕಟ್ಟೂ ಮುಂದ ನನ್ನ ಮುಖಾ ಎರಡ ಸಲ ನೋಡಿದ್ರು. ಹೆಣ್ಣ ಬದಲಿ ಮಾಡ್ಯಾರೇನ ಅಂತ ಸಂಶೆ ಬಂದಿತ್ತ ಇವರಿಗೆ" ಎಂದು ಅವನ ಹೆಂಡತಿ ಫಕೀರವ್ವ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಾಳೆ. ಶೆಟ್ಟೆಪ್ಪ ಅದನ್ನು ಅಲ್ಲಗಳೆದದ್ದನ್ನು ಯಾರೂ ಕೇಳಿಲ್ಲ.

ಹುಟ್ಟುವಾಗಲೇ ಅವನು ಹೀಗಿರಲಿಲ್ಲ. ಗೋಕಾಕಿನ ಉಸ್ತಾದರೊಬ್ಬರ ಬಳಿ ಕೆಲಸ ಕಲಿತು, ಇಪ್ಪತ್ತೆರಡಕ್ಕೆ ಸ್ವಂತ ಅಂಗಡಿ ಹಾಕಿದಾಗ ಒಬ್ಬ ವ್ಯಾಪಾರಿಯ ಸಿಹಿ ಮಾತು ನಂಬಿ ತಂತಿ ತಂದಿದ್ದ. ಮೇಲೆ ತಾಮ್ರದ ಬಣ್ಣ, ಒಳಗೆಲ್ಲ ಅಲ್ಯುಮಿನಿಯಂ. ಸುತ್ತಿಕೊಟ್ಟ ಮೋಟರು ಮೂರನೇ ದಿನಕ್ಕೆ ಹೊಗೆ ಬಿಟ್ಟಿತು. ರೈತ ಅದನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಸಂತೆಯ ದಿನವೇ ಅಂಗಡಿಯ ಮುಂದೆ ಕೆಡವಿ, ಹಿರಿಯರ ಹೆಸರು ಹಿಡಿದು ಬೈದ. ಶೆಟ್ಟೆಪ್ಪ ತಲೆ ಬಗ್ಗಿಸಿ ಕೇಳಿಸಿಕೊಂಡ. ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು: "ಮೀಟರ್ ಹಚ್ಚಿ ತೋರಸು."

ಆ ಮೀಟರು ಇಕ್ಕಳದ ಹಾಗಿರುತ್ತದೆ. ಬಾಯಿ ಬಿಡಿಸಿ ತಂತಿಗೆ ಕಚ್ಚಿಸಿದರೆ ಅದರೊಳಗೆ ಎಷ್ಟು ಆಂಪ್ ಕರೆಂಟು ಹರಿಯುತ್ತಿದೆ ಎಂಬುದನ್ನು ಅಂಕಿಯಲ್ಲಿ ತೋರಿಸುತ್ತದೆ. ಶೆಟ್ಟೆಪ್ಪನ ಸೊಂಟದಿಂದ ಅದು ಇಳಿಯುವುದು ಸ್ನಾನಕ್ಕೆ ಮತ್ತು ನಿದ್ದೆಗೆ ಮಾತ್ರ. ಹುಕ್ಕೇರಿಯಿಂದ ಕೌಜಲಗಿಯವರೆಗೆ ಮೋಟರಿನ ತಕರಾರು ಬಂದರೆ ಜನ ಅವನನ್ನು ಕರೆದೊಯ್ಯುತ್ತಾರೆ. ಅವನು ಮೀಟರ್ ಹಚ್ಚಿ "ಬರೊಬ್ಬರಿ ಐತಿ" ಎಂದರೆ ಬರೊಬ್ಬರಿ. "ಮೋಸ ಐತಿ" ಎಂದರೆ ಆ ಮಾಲು ಮಾರಿದವನು ಮೂರು ತಾಲೂಕಿನಲ್ಲಿ ಮುಖ ತೋರಿಸುವ ಹಾಗಿಲ್ಲ.

ಹೋದ ಬೇಸಿಗೆಯ ಆರಂಭದಲ್ಲಿ ಗೋಕಾಕಿನ ಪಾರವ್ವ ಅವನನ್ನು ಹುಡುಕಿಕೊಂಡು ಬಂದಿದ್ದೂ ಈ ಮಾತಿನ ಬಲದ ಮೇಲೆಯೇ.

ಪಾರವ್ವ ಮತ್ತು ಅವಳ ಗಂಡ ಸೋಮಶೇಖರನ ಬಳಿ ಒಂದು ಕ್ಯಾರವಾನ್ ಇದೆ. ಯಾವುದೋ ಟೂರ್ ಕಂಪನಿಯವರು ಮಂದಿಯನ್ನು ಮಲಗಿಸಿಕೊಂಡು ಊರೂರು ತಿರುಗಿಸುತ್ತಿದ್ದ ಉದ್ದನೆಯ ಗಾಡಿ, ಕೊಲ್ಲಾಪುರದಲ್ಲಿ ಹರಾಜಿಗೆ ಬಂದಾಗ ಹಿಡಿದದ್ದು. ಮುಂದಿನ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಹಾಗೇ ಇಟ್ಟುಕೊಂಡು, ಹಿಂದಿನ ಅರ್ಧದಲ್ಲಿ ಖಾರ ಕುಟ್ಟುವ ಮಷಿನ್ ಕೂರಿಸಿದ್ದಾರೆ. ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಗಂಡ ಹೆಂಡತಿ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಊರಿಂದ ಊರಿಗೆ ಹೋಗುತ್ತಾರೆ. ನಮ್ಮ ಕಡೆಯ ಹೆಂಗಸರು ಮಸಾಲೆ ಖಾರದ ವಿಷಯದಲ್ಲಿ ಯಾರನ್ನೂ ನಂಬುವವರಲ್ಲ. ತಮ್ಮ ಮೆಣಸಿನಕಾಯಿ ತಮ್ಮ ಕಣ್ಣೆದುರೇ ಕುಟ್ಟಬೇಕು, ಹಿಂದಿನವಳ ಖಾರ ಒರಳಿನಲ್ಲಿ ಚೂರೂ ಉಳಿದಿರಬಾರದು, ಕೊನೆಗೆ ಒರಳಿನ ಗೋಡೆಗೆ ಅಂಟಿದ್ದನ್ನು ಕುಂಚದಿಂದ ಬಳಿದು ತಮ್ಮ ಡಬ್ಬಿಗೇ ಹಾಕಬೇಕು. ಪೇಟೆಯ ಗಿರಣಿಯವನು ಇದಕ್ಕೆಲ್ಲ ಸಿಡುಕುತ್ತಾನೆ. ಪಾರವ್ವ ಸಿಡುಕುವುದಿಲ್ಲ. ಹಾಗಾಗಿ ಖಾರದ ಗಾಡಿ ಬಂತೆಂದರೆ ಓಣಿಯ ತುಂಬ ಬುಟ್ಟಿಗಳ ಸಾಲು.

ತೊಂದರೆ ಇದ್ದದ್ದು ಜನರೇಟರಿನದು. ಗಾಡಿಯ ಹಿಂದೆ ಕಟ್ಟಿಕೊಂಡು ಎಳೆಯುತ್ತಿದ್ದ ಡೀಸೆಲ್ ಜನರೇಟರು ಒಂದೇ ಸಮ ಒದರುತ್ತಿತ್ತು. ಅದರ ಹೊಗೆ ಖಾರದಲ್ಲಿ ಇಳಿದು, ತುಕ್ಕಾನಟ್ಟಿಯ ಹೆಂಗಸೊಬ್ಬಳು "ನಿಮ್ಮ ಖಾರದ ಸಾರ ಟ್ರ್ಯಾಕ್ಟರ್ ವಾಸನಿ ಹೊಡೀತೈತಿ" ಎಂದು ಡಬ್ಬಿ ವಾಪಸು ತಂದಿಟ್ಟಿದ್ದಳು. ಅದಕ್ಕೇ ಪಾರವ್ವ ಬ್ಯಾಟರಿಗೆ ಮನಸ್ಸು ಮಾಡಿದ್ದಳು. ಗಾಡಿಯ ತಲೆಯ ಮೇಲೆ ಸೋಲಾರ್, ಮಂಚದ ಕೆಳಗೆ ಬ್ಯಾಟರಿ, ಬಾಜೂಕ್ಕೆ ದೊಡ್ಡ ಇನ್ವರ್ಟರ್. ಇದನ್ನು ಜೋಡಿಸಿಕೊಡಲು ಒಪ್ಪಿದವಳು ಹುಕ್ಕೇರಿಯ ಕಾಜಲ್ ಎಂಬ ಇಪ್ಪತ್ತೇಳರ ಹುಡುಗಿ.

"ಹೆಂಗಸ ಮನಷ್ಯಾಳು ಬ್ಯಾಟರಿ ಕಟ್ಟತಾಳೇನು?" ಎಂದು ಶೆಟ್ಟೆಪ್ಪ ಮೊದಲ ದಿನವೇ ಕೇಳಿದ.

"ಕಟ್ಟತಾಳ್ರಿ ಕಾಕಾ. ಹಿಡಕಲ್ ಡ್ಯಾಮಿನ ಗೇಟ್ ನೋಡಕೊಳ್ಳೋರ ಮಗಳ್ರಿ, ಡಿಪ್ಲೊಮಾ ಮಾಡ್ಯಾಳು" ಎಂದಳು ಪಾರವ್ವ. "ಆದ್ರ ನನಗ ಅದರಾಗಿಂದ ಒಂದೂ ತಿಳ್ಯಾಂಗಿಲ್ಲ. ನಿಮ್ಮ ಅಂಗಡಿ ಮುಂದ ಗಾಡಿ ಹಚ್ಚತೀವಿ. ಆಕಿ ಜೋಡಸಲಿ, ನೀವು ನಿಂತ ನೋಡ್ರಿ. ನೀವು ಹೂಂ ಅಂದ್ರ ಇಟ್ಕೋತೇನಿ."

ಶೆಟ್ಟೆಪ್ಪನಿಗೆ ಇದಕ್ಕಿಂತ ಇಷ್ಟವಾಗುವ ಕೆಲಸ ಬೇರೊಂದಿಲ್ಲ.

ಬುಧವಾರ ಗಾಡಿ ಬಂದು ಅಂಗಡಿಯ ಮುಂದಿನ ಬೇವಿನ ನೆರಳಿನಲ್ಲಿ ನಿಂತಿತು. ಕಾಜಲ್ ಮಾತು ಕಡಿಮೆಯ ಹುಡುಗಿ. ಜೀನ್ಸ್ ಮೇಲೆ ಉದ್ದ ಕುರ್ತಾ, ಕೂದಲನ್ನು ಬಿಗಿಯಾಗಿ ಮೇಲೆ ಕಟ್ಟಿದ್ದಳು. ಮಷಿನಿನ ಮೋಟರಿನ ಮೈಮೇಲಿನ ಪ್ಲೇಟನ್ನು ಬಗ್ಗಿ ಓದಿದಳು. ಮೂರು ಎಚ್‌ಪಿ.

"ಕಾಕಾ, ಮೊದಲ ಇದನ್ನ ಜನರೇಟರ್ ಮ್ಯಾಲ ಒಂದೀಟ ಓಡಸೂಣ್ರಿ. ಎಷ್ಟ ಆಂಪ್ ತಿಂತೈತಿ ನೋಡಿ ಆಮ್ಯಾಲ ಲೆಕ್ಕಾ ಹಾಕತೇನಿ" ಎಂದಳು.

ಶೆಟ್ಟೆಪ್ಪ ಆಗಲೇ ಮೋಟರಿನ ಹಿಂದಿನ ಮುಚ್ಚಳ ಬಿಚ್ಚಿ ಇಣುಕಿದ್ದ. ಒಳಗೆ ತಂತಿಯ ಸುರುಳಿಗಳ ತುದಿಯನ್ನು ಹಳದಿ ದಾರದಿಂದ ಎರಡೆರಡು ಗಂಟು ಹಾಕಿ ಕಟ್ಟಲಾಗಿತ್ತು. ಆ ಗಂಟು ಈ ಭಾಗದಲ್ಲಿ ಮತ್ತೊಬ್ಬರು ಹಾಕುವುದಿಲ್ಲ. ಸೋಮಶೇಖರ ಇದನ್ನು ಗೋಕಾಕಿನ ಗುಜರಿಯಲ್ಲಿ ಕೊಂಡಿದ್ದನಂತೆ. ಎಷ್ಟೋ ವರ್ಷದ ಹಿಂದೆ ತಾನು ಸುತ್ತಿದ ಮೋಟರು ಇನ್ನೂ ತಿರುಗುತ್ತಿರುವುದನ್ನು ಕಂಡು ಅವನ ಎದೆ ಉಬ್ಬಿತು.

"ಇದು ನನ್ನ ಕೈಯಾಗಿಂದ ಹೋದ ಮಾಲು ತಂಗಿ. ಇದಕ್ಕ ಮೀಟರ್ ಹಚ್ಚೂ ಜರೂರಿಲ್ಲ. ನೀ ನಿಂದಷ್ಟ ನೋಡ್ಕೊ."

"ಬಾಡಿ ಒಂದೀಟ ದಪ್ಪ ಕಾಣತೈತ್ರಿ…"

"ಹಳೇ ಕಾಲದ ಬಾಡಿ ದಪ್ಪನ ಇರತಾವು. ನನ್ನ ಕೆಲಸದ ಮ್ಯಾಲ ಸಂಶೆ ತಗೀತಿ ಏನು?"

ಕಾಜಲ್ ಪಾರವ್ವನ ಮುಖ ನೋಡಿದಳು. ಪಾರವ್ವ ಬೇಡ ಎನ್ನುವಂತೆ ಕಣ್ಣು ಮಾಡಿದಳು. ಹಿರಿಯರ ಮಾತು, ಮೇಲಾಗಿ ಅವರದೇ ಅಂಗಡಿಯ ಮುಂದೆ. ಹುಡುಗಿ ಸುಮ್ಮನಾಗಿ ಮೂರು ಎಚ್‌ಪಿಗೇ ಲೆಕ್ಕ ಹಾಕಿದಳು: ಓಡುವಾಗ ಹದಿನೈದು ಆಂಪ್, ನಿಂತ ಮೋಟರು ಮೇಲೇಳುವ ಆ ಒಂದು ಗಳಿಗೆಗೆ ಅದರ ಐದು ಪಟ್ಟು. ಅಷ್ಟನ್ನು ತಡೆದುಕೊಂಡು ಇನ್ನೂ ಸ್ವಲ್ಪ ಮಿಗುವಂಥ ಇನ್ವರ್ಟರ್ ತಂದಿಟ್ಟಳು.

ಎರಡು ದಿನ ಜೋಡಣೆ ನಡೆಯಿತು. ಶೆಟ್ಟೆಪ್ಪ ಸ್ಟೂಲು ಹಾಕಿಕೊಂಡು ಅವಳ ಬೆನ್ನ ಹಿಂದೆಯೇ ಕೂತ. ಕೇಬಲ್ ಕತ್ತರಿಸಿದಳೋ, ತುಂಡೊಂದನ್ನು ಎತ್ತಿಕೊಂಡು ಬ್ಲೇಡಿನಿಂದ ಕೆರೆದ. ಒಳ್ಳೆಯ ತಾಮ್ರ. ನಟ್ಟು ಬಿಗಿದಳೋ, ತಾನೊಮ್ಮೆ ಪಾನಾ ಹಾಕಿ ನೋಡಿದ. ಬಿಗಿಯೇ ಇತ್ತು. ಬ್ಯಾಟರಿಯ ಸೆಲ್ಲುಗಳ ಮೇಲಿನ ಕಪ್ಪು ಚೌಕುಳಿಯ ಕ್ಯೂಆರ್ ಗುರುತನ್ನು ಬೆರಳಿನಿಂದ ಉಜ್ಜಿದ. ಹಳೆ ಇ-ರಿಕ್ಷಾದ ಸೆಲ್ ತಂದು ಗುರುತು ಬದಲಿಸಿ ಮಾರುವವರ ಸುದ್ದಿ ಅವನು ಕೇಳಿದ್ದ. ಗುರುತು ಅಳಿಯಲಿಲ್ಲ. ತಪ್ಪೇ ಸಿಗದಿದ್ದಾಗ ಅವನ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ಚೊಕ್ಕ ಮಾಡುವವಳು ಏನನ್ನೋ ಮುಚ್ಚುತ್ತಿರಬೇಕು.

ಶುಕ್ರವಾರ ಮುಂಜಾನೆ ಮೊದಲ ಸಲ ಬಟನ್ ಒತ್ತಿದರು. ಮೋಟರು ಒಮ್ಮೆ ಗುಂಯ್ ಎಂದು ಅರ್ಧ ಸುತ್ತು ತಿರುಗಿತು. ಇನ್ವರ್ಟರ್ ಚೀರಿ, ಕೆಂಪು ದೀಪ ಹಚ್ಚಿ, ಎಲ್ಲವನ್ನೂ ಬಂದ್ ಮಾಡಿತು. ಮತ್ತೆ ಒತ್ತಿದರು. ಮತ್ತೆ ಅದೇ. ಕಾಜಲ್ ಮೋಟರಿನಿಂದ ಮಷಿನಿಗೆ ಹಾಕಿದ್ದ ಪಟ್ಟಾ ಸಡಿಲಿಸಿ, ಮೋಟರಿನ ಮೇಲೆ ಭಾರವೇ ಇಲ್ಲದ ಹಾಗೆ ಮಾಡಿ ಒತ್ತಿದಳು. ಅದೇ ಗುಂಯ್, ಅದೇ ಚೀರಾಟ.

ಶೆಟ್ಟೆಪ್ಪ ಬ್ಯಾಟರಿಯ ಮುಂದೆ ಕೂತು ಮೀಟರಿನ ವೋಲ್ಟು ನೋಡುವ ಎರಡು ತಂತಿ ಹಚ್ಚಿ ಹಿಡಿದಿದ್ದ. ಬಟನ್ ಒತ್ತಿದಾಗ ಐವತ್ತೊಂದು ವೋಲ್ಟು ನಲವತ್ತೊಂಬತ್ತಕ್ಕೆ ಇಳಿಯಿತು.

"ಇಳೀತು ನೋಡು! ಹೊಸಾ ಸೆಲ್ ಹಿಂಗ ಇಳೀತಾವೇನು?"

"ಒಮ್ಮಿಂದೊಮ್ಮಿ ಅಷ್ಟ ಭಾರಾ ಬಿದ್ರ ಹೊಸಾವೂ ಒಂದೀಟ ಇಳೀತಾವ್ರಿ ಕಾಕಾ. ಭಾರಾನ ಜಾಸ್ತಿ ಬೀಳಾಕತ್ತೈತಿ. ಎಲ್ಲಿಂದ ಅಂತ ತಿಳೀವಲ್ದು."

"ನಿನಗ ತಿಳೀವಲ್ದು. ನನಗ ತಿಳೀತು."

ಹಾಗೆಂದು ಅವನು ಸುಮ್ಮನೆ ಕೂತಿದ್ದರೆ ಇಷ್ಟು ಬೆಳೆಯುತ್ತಿರಲಿಲ್ಲ. ಪಾರವ್ವನನ್ನು ಬಾಜೂಕ್ಕೆ ಕರೆದು, "ಹಳೇ ಸೆಲ್ ಹಾಕ್ಯಾಳವಾ. ಮೀಟರ್ ಹಚ್ಚಿ ನೋಡೇನಿ" ಎಂದ. ಅದೇ ಮಾತನ್ನು ಚಹಾದ ಅಂಗಡಿಯಲ್ಲೂ ಹೇಳಿದ, ತನ್ನ ಮಾತನ್ನು ಮೂವರು ಕೇಳುತ್ತಿದ್ದಾರೆಂದು ಕೊರಳು ಸ್ವಲ್ಪ ಎತ್ತರಿಸಿಯೇ ಹೇಳಿದ. ಮಧ್ಯಾಹ್ನದೊಳಗೆ ಅದು ಫೋನಿನಲ್ಲಿ ಹುಕ್ಕೇರಿ ಮುಟ್ಟಿತು. ಕಬ್ಬಿನ ಹಾಲಿನ ಗಾಡಿಗೆ ಬ್ಯಾಟರಿ ಹೇಳಿದ್ದವನೊಬ್ಬ ಕಾಜಲ್‌ಗೆ ಫೋನ್ ಮಾಡಿ, ಸದ್ಯ ಬೇಡ ಎಂದ. ಸಂಜೆಯೊಳಗೆ ಕಟ್ಟಿಗೆ ಕೊಯ್ಯುವ ಮಷಿನಿನವನೂ ಬೇಡ ಎಂದ. ಅವಳ ಬಳಿ ಇದ್ದದ್ದೇ ಆ ಎರಡು ಕೆಲಸ.

ಪಾರವ್ವ ಕಾಜಲ್‌ಗೆ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಳು. "ಸೋಮವಾರ ಕೌಜಲಗಿಗೆ ಮಾತ ಕೊಟ್ಟೇನಿ. ಅಲ್ಲಿ ಹೆಂಗಸರು ಮಸಾಲಿ ಹುರದ ಇಟ್ಟಿರತಾರ, ಎರಡ ದಿನ ಬಿಟ್ರ ಘಮಾನ ಹೋಗಿಬಿಡತೈತಿ. ಅವತ್ತ ಮುಂಜಾನಿ ಇದು ತಿರಗಿದ್ರ ಚಲೋ. ತಿರಗಲಿಲ್ಲಂದ್ರ ನಿನ್ನ ಬ್ಯಾಟರಿ ನೀ ಒಯ್ದ ಬಿಡು, ನಾ ಜನರೇಟರ್ ಹಚ್ಚತೇನಿ" ಎಂದಳು. ವಾಪಸು ಬಂದ ಬ್ಯಾಟರಿಯನ್ನು ಮೂರು ತಾಲೂಕಿನಲ್ಲಿ ಮತ್ಯಾರೂ ಮುಟ್ಟುವುದಿಲ್ಲ ಎಂಬುದು ಕಾಜಲ್‌ಗೂ ಗೊತ್ತಿತ್ತು, ಶೆಟ್ಟೆಪ್ಪನಿಗೂ ಗೊತ್ತಿತ್ತು. ಅವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಒಬ್ಬ ಬಡ ಹೆಂಗಸನ್ನು ಮೋಸದಿಂದ ಉಳಿಸಿದೆ ಎಂದೇ ಅವನು ಅಂದು ಉಂಡು ಮಲಗಿದ.

ಶನಿವಾರ ಮುಂಜಾನೆ ಇನ್ವರ್ಟರ್ ಕಂಪನಿಯವರು ಫೋನಿನಲ್ಲಿ ಮೋಟರಿನ ಪ್ಲೇಟಿನ ಫೋಟೋ ಕೇಳಿದರು. ಕಾಜಲ್ ಪ್ಲೇಟಿನ ಮೇಲಿನ ಖಾರದ ಧೂಳನ್ನು ಕುರ್ತಾದ ತುದಿಯಿಂದ ಒರೆಸಿ ಫೋಟೋ ತೆಗೆದಳು. ಬೆರಳಿನಿಂದ ಅದನ್ನು ದೊಡ್ಡದು ಮಾಡಿ ನೋಡಿದಳು. ಫೋನನ್ನು ಶೆಟ್ಟೆಪ್ಪನ ಮುಖದ ಮುಂದೆ ಹಿಡಿದಳು.

"ಕಾಕಾ, ಈ ಮೂರರ ಬಾಲಾ ನೋಡ್ರಿ. ಕೆಳಗಿಂದು ಅರ್ಧಾ ಮುರದೈತಿ. ಕಂಪನಿ ಪ್ಲೇಟ್‌ನ್ಯಾಗ ಹಿಂಗ ಇರತೈತ್ರಿ?"

ಶೆಟ್ಟೆಪ್ಪ ಕನ್ನಡಕ ಹಾಕಿಕೊಂಡು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದ.

ಅವನ ಅಂಗಡಿಯಲ್ಲಿ ಅಂಕಿ ಹೊಡೆಯುವ ಉಕ್ಕಿನ ಪಂಚುಗಳ ಒಂದು ಪೆಟ್ಟಿಗೆ ಇದೆ, ಉಸ್ತಾದರು ಕೊಟ್ಟದ್ದು. ಅದರಲ್ಲಿ ಮೂರರ ಪಂಚು ಎಂದೋ ಕಲ್ಲಿನ ಮೇಲೆ ಬಿದ್ದು ಕೆಳಗಿನ ಬಾಲ ಮುರಿದುಕೊಂಡಿದೆ. ಒಂದು ಅಂಕಿಗಾಗಿ ಹೊಸ ಪೆಟ್ಟಿಗೆ ಯಾಕೆ ಎಂದು ಅವನು ಅದರಲ್ಲೇ ನಡೆಸಿಕೊಂಡು ಬಂದಿದ್ದ. ರಿಪೇರಿಗೆ ಬಂದ ಮೋಟರುಗಳಿಗೆ ನಂಬರು ಹೊಡೆದು ಕಟ್ಟುವ ಅಲ್ಯುಮಿನಿಯಂ ಬಿಲ್ಲೆಗಳು ಅಂಗಡಿಯ ಗೋಡೆಯ ಮೊಳೆಗಳಿಗೆ ಸಾಲಾಗಿ ನೇತಾಡುತ್ತಿದ್ದವು. ಹದಿಮೂರು, ಇಪ್ಪತ್ಮೂರು, ಮೂವತ್ತೊಂದು. ಎಲ್ಲ ಮೂರುಗಳಿಗೂ ಬಾಲ ಅರ್ಧವೇ.

"ಹಳೇ ಪ್ಲೇಟು. ಸವದಿರಬೇಕು" ಎಂದ ಅವನು. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು.

ಕಾಜಲ್ ಹೂಂ ಎಂದಳು. ಅವಳ ಕಣ್ಣು ಒಮ್ಮೆ ಅಂಗಡಿಯ ಗೋಡೆಯ ಕಡೆ ಹೋಗಿ ಬಂತೋ, ಇಲ್ಲ ಹಾಗೆ ಕಂಡಿತೋ. ಶೆಟ್ಟೆಪ್ಪ ಅದನ್ನೇ ಹಿಡಿದುಕೊಂಡ. ಇವಳಿಗೆ ಗೊತ್ತಾಯಿತೇ? ಗೊತ್ತಾಗಿಯೂ ಸುಮ್ಮನಿದ್ದಾಳೆಯೇ? ಬೇಕೆಂದೇ ನನ್ನ ಮುಂದೆ ಫೋನ್ ಹಿಡಿದಳೇ? ಈ ಮೋಟರಿಗೆ ನೀ ಹಾಕಿದ ಕೇಬಲ್ಲೇ ಸಣ್ಣದಿದ್ದೀತು, ಇದಕ್ಕಿಂತ ದಪ್ಪದ್ದು ತಾ ಎಂದು ಸುಳ್ಳೇ ನೆವ ಹೇಳಿ ಅವಳನ್ನು ಹುಕ್ಕೇರಿಗೆ ಕಳಿಸಿದ. ಅವಳ ಸ್ಕೂಟಿ ಗಲ್ಲಿ ದಾಟಿದ್ದೇ ತಡ, ಒಳಗೆ ಹೋಗಿ ಮೂರು ಅಂಕಿ ಇದ್ದ ಬಿಲ್ಲೆಗಳನ್ನೆಲ್ಲ ಮೊಳೆಯಿಂದ ಬಿಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ತುಕ್ಕಾನಟ್ಟಿಯ ಭೀಮರಾಯ ಎಂಬವನದೊಂದು ಹಿಟ್ಟಿನ ಗಿರಣಿ ಇತ್ತು. ಕರೆಂಟ್ ಆಫೀಸಿನಿಂದ ಅವನಿಗೆ ಮೂರು ಎಚ್‌ಪಿಗೆ ಮಂಜೂರಾತಿ. ಜೋಳ ಬೇಗ ಬೀಸಲೆಂದು ಅವನು ತಂದದ್ದು ಐದು ಎಚ್‌ಪಿ ಮೋಟರು. ಅದು ಸುಟ್ಟಾಗ ಶೆಟ್ಟೆಪ್ಪ ಸುತ್ತಿಕೊಟ್ಟ. ಒಯ್ಯಲು ಬಂದ ಭೀಮರಾಯ, "ಹಂಗ ಆ ಪ್ಲೇಟ್ ಒಂದ ಬದ್ಲಿ ಮಾಡಿಬಿಡೋ ಮಾರಾಯಾ, ಸಾಹೇಬ್ರು ಬಂದ್ರ ಬಗ್ಗಿ ನೋಡತಾರ" ಎಂದಿದ್ದ. ಪಂಪಿನವರು, ಗಿರಣಿಯವರು ಎಲ್ಲರೂ ಮಾಡಿಸುತ್ತಿದ್ದರು. ಎಲ್ಲ ರಿವೈಂಡಿಂಗ್ ಅಂಗಡಿಯವರೂ ಮಾಡಿಕೊಡುತ್ತಿದ್ದರು. ಶೆಟ್ಟೆಪ್ಪ ಒಂದು ತಗಡು ಕತ್ತರಿಸಿ, ಅಂಕಿ ಹೊಡೆದು, ಹಳೆಯ ಪ್ಲೇಟಿನ ಜಾಗದಲ್ಲಿ ಕೂರಿಸಿದ. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದು ಮೋಸ ಎಂದು ಅವನಿಗೆ ಅಂದೂ ಅನಿಸಿರಲಿಲ್ಲ, ಆಮೇಲೂ ನೆನಪಾಗಿರಲಿಲ್ಲ. ಆ ಗಿರಣಿ ಮುಚ್ಚಿ, ಮೋಟರು ಗುಜರಿಗೆ ಹೋಗಿ, ಪ್ಲೇಟು ಮಾತ್ರ ತನ್ನ ಸುಳ್ಳನ್ನು ಕಚ್ಚಿಕೊಂಡು ಈಗ ಅವನ ಬಾಗಿಲಿಗೇ ಬಂದಿತ್ತು.

ಆದರೂ ಅವನು ಶೆಟ್ಟೆಪ್ಪ. ತನ್ನ ನೆನಪನ್ನೂ ಹಾಗೇ ನಂಬುವವನಲ್ಲ. ಪಾರವ್ವ ಮತ್ತು ಸೋಮಶೇಖರ ಊಟಕ್ಕೆ ಕೂತಾಗ ಮೋಟರಿನ ಪಟ್ಟಾ ಪೂರ್ತಿ ಬಿಚ್ಚಿ, ಜನರೇಟರ್ ಹಚ್ಚಿ, ಬರೀ ಮೋಟರನ್ನು ಓಡಿಸಿ ಮೀಟರ್ ಕಚ್ಚಿಸಿದ. ಭಾರವಿಲ್ಲದೆ ಓಡುವ ಮೂರು ಎಚ್‌ಪಿ ಮೋಟರು ಎಂಟು ಆಂಪ್ ದಾಟಬಾರದು. ಮೀಟರು ಹದಿಮೂರು ತೋರಿಸಿತು. ಇನ್ವರ್ಟರಿನ ತಪ್ಪಿಲ್ಲ, ಸೆಲ್ಲಿನ ತಪ್ಪಿಲ್ಲ, ಹುಡುಗಿಯ ತಪ್ಪಂತೂ ಇಲ್ಲವೇ ಇಲ್ಲ. ಬುಧವಾರ ಅವಳು ಕೇಳಿದ್ದು ಇದನ್ನೇ.

"ಜನರೇಟರ್ ಯಾಕ ಹಚ್ಚೀರಿ ಕಾಕಾ?" ಎಂದು ಪಾರವ್ವ ಕಿಟಕಿಯಿಂದ ಇಣುಕಿದಳು.

"ಸುಮ್ನ. ಬೇರಿಂಗ್ ಆವಾಜ ಕೇಳಾಕತ್ತಿದ್ನಿ" ಎಂದ. ಒಂದೇ ದಿನದಲ್ಲಿ ಮೂರನೇ ಸುಳ್ಳು.

ಮನೆಗೆ ಉಣ್ಣಲು ಹೋದ. ರೊಟ್ಟಿ ಮುರಿದ, ಬಾಯಿಗೆ ಹಾಕಲಿಲ್ಲ. ಫಕೀರವ್ವ ಅವನ ಅಂಗಿಯ ಕಿಸೆ ಜೋತುಬಿದ್ದದ್ದನ್ನು ನೋಡಿದಳು.

"ಕಿಸೇದಾಗ ಏನ್ರಿ ಅದು, ಗಲ ಗಲ ಅನ್ನಾಕತ್ತೈತಿ?"

"ಏನಿಲ್ಲ. ಬಿಲ್ಲೆ."

"ಅಂಗಡ್ಯಾಗಿನ ಬಿಲ್ಲೆ ಮನಿಗ್ಯಾಕ ಬಂದೂವು?" ಅವನು ಮುರಿದ ರೊಟ್ಟಿಯನ್ನೇ ಮತ್ತೆ ಮುರಿದ. ಅವಳು ಪಲ್ಯದ ಬಟ್ಟಲು ಅವನ ಮುಂದೆ ಸರಿಸಿ, "ನಲವತ್ತ ವರ್ಷ ಊರ ಮಂದೀನ್ನೆಲ್ಲಾ ಕಳ್ಳರ ಕಂಡಂಗ ಕಂಡೀರಿ. ಇವತ್ತ ನಿಮ್ಮ ಮುಖಾನ ಹಂಗ ಕಾಣಾಕತ್ತೈತಿ. ಉಣ್ರಿ ಮೊದಲ" ಎಂದಳು. ಅವಳು ಎಂದಿನಂತೆ ಚೇಷ್ಟೆ ಮಾಡಿದ್ದಳಷ್ಟೇ. ಶೆಟ್ಟೆಪ್ಪ ಕೈ ತೊಳೆದು ಎದ್ದ.

ಅಂಗಡಿಗೆ ಬಂದು ಬಹಳ ಹೊತ್ತು ಕೂತ. ಪಾರಾಗಲು ದಾರಿಗಳಿದ್ದವು, ಅವನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವು. ಆ ತಗಡನ್ನು ಕಿತ್ತೆಸೆದರೆ ಪ್ಲೇಟು ಎಲ್ಲೋ ಬಿದ್ದುಹೋಯಿತು ಎನ್ನಬಹುದು. ಇನ್ವರ್ಟರೇ ಕೆಟ್ಟದ್ದು, ಇದಕ್ಕಿಂತ ದೊಡ್ಡದು ತರಿಸು ಎಂದು ಹುಡುಗಿಯ ತಲೆಗೇ ಕಟ್ಟಬಹುದು. ಅದೂ ಬೇಡವಾದರೆ ಬಾಯಿ ಮುಚ್ಚಿಕೊಂಡಿದ್ದರೂ ಸಾಕು. ಸೋಮವಾರ ಅವಳು ಬ್ಯಾಟರಿ ಎತ್ತಿಕೊಂಡು ಹೋಗುತ್ತಾಳೆ, ಜನರೇಟರು ಒದರುತ್ತದೆ, ಶೆಟ್ಟೆಪ್ಪನ ಮಾತು ಮೊದಲಿನಂತೆಯೇ ನಡೆಯುತ್ತದೆ. ಸ್ಕ್ರೂ ಡ್ರೈವರ್ ಹಿಡಿದು ಗಾಡಿಯವರೆಗೆ ಹೋದ. ತಗಡಿನ ಮೊದಲ ಸ್ಕ್ರೂ ಅರ್ಧ ಬಿಚ್ಚಿದ. ಸಂತೆಯ ದಿನ ತನ್ನ ಅಂಗಡಿಯ ಮುಂದೆ ಮೋಟರು ಕೆಡವಿ ಬೈದ ಆ ರೈತನ ಮುಖ ಕಣ್ಣ ಮುಂದೆ ಬಂತು. ಅಂದು ತಂತಿ ಮಾರಿದ ವ್ಯಾಪಾರಿ ಎಲ್ಲಿದ್ದ? ತನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಿರಬೇಕು. ಬೈಸಿಕೊಂಡವನು ಇಪ್ಪತ್ತೆರಡರ ಒಬ್ಬ ಹುಡುಗ.

ಶೆಟ್ಟೆಪ್ಪನಿಗೆ ನಾಚಿಕೆಯಾಯಿತು. ಬೇರೆಯವರ ಮುಂದೆ ಆಗುವ ನಾಚಿಕೆ ಅವನಿಗೆ ಗೊತ್ತಿತ್ತು. ಯಾರೂ ಇಲ್ಲದ ಕಡೆ, ಒಂದು ತಗಡಿನ ಮುಂದೆ ಆಗುವ ನಾಚಿಕೆ ಇದೇ ಮೊದಲು. ಸ್ಕ್ರೂವನ್ನು ಮತ್ತೆ ಬಿಗಿದು ವಾಪಸು ಬಂದ.

ಅಂಗಡಿಯ ಮೂಲೆಯಲ್ಲಿ ಅವನ ಸ್ವಂತ ಗ್ರೈಂಡರ್ ತಿರುಗಿಸುವ ಮೋಟರೊಂದಿತ್ತು. ನಿಜವಾದ ಮೂರು ಎಚ್‌ಪಿ. ಭಾನುವಾರ ಇಡೀ ದಿನ ಕೂತು ಅದನ್ನು ಬಿಚ್ಚಿ, ಬೇರಿಂಗ್ ಬದಲಿಸಿ, ವಾರ್ನಿಷ್ ಹಚ್ಚಿ ಒಣಗಿಸಿದ. ಪಾರವ್ವ ಅಂದು ಮಧ್ಯಾಹ್ನವೇ ಗಾಡಿ ತೆಗೆದುಕೊಂಡು, ಹಿಂದೆ ಜನರೇಟರ್ ಕಟ್ಟಿಕೊಂಡು ಕೌಜಲಗಿಗೆ ಹೊರಟಿದ್ದಳು. ಹೊರಡುವಾಗ, "ಆ ಹುಡಿಗಿ ಕಡೆಯಿಂದ ನನ್ನ ಉಳಿಸಿದ್ರಿ ಕಾಕಾ" ಎಂದು ಕೈ ಮುಗಿದು ಹೋಗಿದ್ದಳು. ಆ ಮುಗಿದ ಕೈ ಅವನನ್ನು ಸಂಜೆಯವರೆಗೂ ಬಿಡಲಿಲ್ಲ.

ಸೋಮವಾರ ಮುಂಜಾನೆ ಮೋಟರನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಅವನು ಕೌಜಲಗಿ ಮುಟ್ಟಿದಾಗ ಓಣಿಯಲ್ಲಿ ಬುಟ್ಟಿಗಳ ಸಾಲು ತಿರುವಿನವರೆಗೆ ಬಂದಿತ್ತು. ಹುರಿದ ಕೊತ್ತಂಬರಿ, ಒಣ ಕೊಬ್ಬರಿ, ಬೆಳ್ಳುಳ್ಳಿಯ ಘಮ. ಹೆಂಗಸರು ತಮ್ಮ ತಮ್ಮ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು, ಪಕ್ಕದವಳ ಮೆಣಸಿನಕಾಯಿ ತಮ್ಮದರಲ್ಲಿ ಬಿದ್ದೀತೆಂಬ ಭಯ. ಕಾಜಲ್ ಆಗಲೇ ಬಂದಿದ್ದಳು. ದಪ್ಪ ಕೇಬಲಿನ ಸುರುಳಿ ಬದಿಗಿಟ್ಟು, ಮಂಚದ ಕೆಳಗಿನ ಬ್ಯಾಟರಿಯ ನಟ್ಟು ಬಿಚ್ಚಲು ಪಾನಾ ಹಿಡಿದು ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಖಾರದ ಘಾಟಿಗೆ ಎಂದುಕೊಳ್ಳಬಹುದಿತ್ತು.

"ಬಿಚ್ಚಬ್ಯಾಡವಾ" ಎಂದ ಶೆಟ್ಟೆಪ್ಪ.

ಗಾಡಿಯ ಮೆಟ್ಟಿಲ ಮೇಲೆ ನಿಂತ. ಎಲ್ಲರೂ ತಿರುಗಿ ನೋಡಿದರು. ಚಹಾದ ಅಂಗಡಿಯಲ್ಲಿ ತಾನಾಗಿ ಎತ್ತರವಾಗಿದ್ದ ಕೊರಳನ್ನು ಇಲ್ಲಿ ಪ್ರಯತ್ನಪಟ್ಟು ಎತ್ತರಿಸಬೇಕಾಯಿತು.

"ಈ ಹುಡಿಗಿ ಹಳೇ ಸೆಲ್ ಹಾಕ್ಯಾಳ ಅಂತ ಶುಕ್ಕರವಾರ ನಾ ಹೇಳಿದ್ನಿ. ಅದು ಸುಳ್ಳು. ಆಕಿ ಬ್ಯಾಟರಿ, ಇನ್ವರ್ಟರ್, ಎಲ್ಲಾ ಬರೊಬ್ಬರಿ ಅದಾವು. ಈ ಮೋಟರ್ ಮೂರು ಎಚ್‌ಪಿ ಅಲ್ಲ, ಐದು. ಮೂರು ಅಂತ ಸುಳ್ಳು ಪ್ಲೇಟ್ ಹೊಡದಾಂವಾ ನಾನ. ಹತ್ತೊಂಬತ್ತ ವರ್ಷದ ಹಿಂದ, ತುಕ್ಕಾನಟ್ಟಿ ಗಿರಣಿಯವನ ಸಲುವಾಗಿ. ಈಕಿ ಮೊದಲನೇ ದಿನಾನ ಮೀಟರ್ ಹಚ್ಚೂಣು ಅಂದ್ಲು. ನಾ ಬ್ಯಾಡ ಅಂದ್ನಿ."

ಕಿಸೆಯಿಂದ ಬಿಲ್ಲೆಗಳನ್ನು ತೆಗೆದು ಕಾಜಲ್‌ನ ಮುಂದೆ ಇಟ್ಟ. ಅವಳು ಅವುಗಳನ್ನು ಮುಟ್ಟಲಿಲ್ಲ.

"ನನಗ ಶನಿವಾರನ ಗೊತ್ತಾತ್ರಿ" ಎಂದಳು. "ಕೇಬಲ್ ತೊಗೊಂಡ ವಾಪಸ್ ಬಂದ ನೋಡಿದ್ರ ಗ್ವಾಡಿ ಮ್ಯಾಲ ನಡನಡುವ ಬರೇ ಮೊಳಿ ಇದ್ದೂವು. ಮೂರ ಇರೂ ಬಿಲ್ಲೆ ಅಷ್ಟ ಇರಲಿಲ್ಲ."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ನಾ ಹೇಳಿದ್ರ ಯಾರ ನಂಬತಿದ್ರು ಕಾಕಾ? ನೀವ ಹೇಳತೀರೋ ಇಲ್ಲೋ ಅಂತ ನೋಡಾಕತ್ತಿದ್ನಿ." ದನಿಯಲ್ಲಿ ಸಿಟ್ಟಿರಲಿಲ್ಲ, ಮಮತೆಯೂ ಇರಲಿಲ್ಲ. "ಹೇಳಾಂಗಿಲ್ಲ ಅಂತನ ತಿಳದಿದ್ನಿ."

ಪಾರವ್ವ ಹಳೆ ಮೋಟರಿನ ಪಟ್ಟಾ ಬಿಚ್ಚತೊಡಗಿದಳು. ಅವಳು ಬೈದಿದ್ದರೆ ಶೆಟ್ಟೆಪ್ಪನಿಗೆ ಹಗುರವಾಗುತ್ತಿತ್ತು. ಅವನು ಮತ್ತು ಸೋಮಶೇಖರ ಸೇರಿ ಐದು ಎಚ್‌ಪಿ ಮೋಟರನ್ನು ಇಳಿಸಿ, ಮೂರರದ್ದನ್ನು ಕೂರಿಸಿ ಪಟ್ಟಾ ಹಾಕಿದರು. ಕಾಜಲ್ ತಂತಿ ಜೋಡಿಸಿದಳು. ಈ ಸಲ ಅವಳ ಬೆನ್ನ ಹಿಂದೆ ಯಾರೂ ಕೂರಲಿಲ್ಲ. ಸಾಲಿನ ಮೊದಲನೆಯ ಹೆಂಗಸಿನ ಬುಟ್ಟಿ ಒರಳಿಗೆ ಬಿತ್ತು.

"ಹಚ್ಚವಾ ಪಾರವ್ವ. ಇನ್ನ ಚಿಂತಿ ಇಲ್ಲ, ಇದು ಬರೊಬ್ಬರಿ ಮೂರು ಎಚ್‌ಪಿ" ಎಂದ ಶೆಟ್ಟೆಪ್ಪ. ನಲವತ್ತು ವರ್ಷದಿಂದ ಮೂರು ತಾಲೂಕಿನಲ್ಲಿ ನಡೆದುಕೊಂಡು ಬಂದ ಮಾತು.

ಪಾರವ್ವನ ಬೆರಳು ಬಟನ್ನಿನ ಹತ್ತಿರ ಹೋಗಿ ನಿಂತಿತು. ಅವಳು ಅವನ ಮುಖ ನೋಡಲಿಲ್ಲ, ಅವನ ಸೊಂಟದ ಮೇಲಿನ ಮೀಟರನ್ನು ನೋಡಿದಳು.

"ಮೀಟರ್ ಹಚ್ಚಿ ತೋರಸ್ರಿ ಕಾಕಾ."

ಅವನಿಗೆ ಆ ಮಾತನ್ನು ಈವರೆಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಸೊಂಟದಿಂದ ಮೀಟರು ಬಿಚ್ಚಿದ. ತಾನೇ ಹಚ್ಚಲು ಹೋಗಿ ಕೈ ತಡೆದ. ಅದನ್ನು ಪಾರವ್ವನ ಅಂಗೈಯಲ್ಲಿಟ್ಟ.

"ಒಂದ ತಂತಿಗೆ ಅಷ್ಟ ಕಚ್ಚಸ್ರಿ" ಎಂದು ಕಾಜಲ್ ಹತ್ತಿರ ಬಂದು ತೋರಿಸಬೇಕೆನ್ನುವಷ್ಟರಲ್ಲಿ ಪಾರವ್ವನೇ ಕಚ್ಚಿಸಿದ್ದಳು, ನಾಲ್ಕು ದಿನ ನೋಡಿ ಕಲಿತಿದ್ದಳು. ಬಟನ್ ಒತ್ತಿದಳು. ಮೋಟರು ಒಮ್ಮೆ ಗುಂಯ್ ಎಂದಿತು, ಗುಂಯ್ ಎನ್ನುತ್ತಲೇ ಇತ್ತು, ಒನಕೆಗಳು ಒಂದೊಂದಾಗಿ ಎದ್ದು ಬೀಳತೊಡಗಿದವು. ಇನ್ವರ್ಟರ್ ಚೀರಲಿಲ್ಲ.

"ಎಷ್ಟ ತೋರಸಾಕತ್ತೈತಿ?" ಎಂದು ಸಾಲಿನಿಂದ ಒಬ್ಬಳು ಕೂಗಿದಳು.

"ಹದಿನಾಕು" ಎಂದಳು ಪಾರವ್ವ. ಶೆಟ್ಟೆಪ್ಪ ಬಗ್ಗಿ ತಾನೂ ನೋಡಲು ಹೋದ. ಅವಳು ಮೀಟರನ್ನು ತನ್ನ ಕಡೆಗೇ ಹಿಡಿದುಕೊಂಡು, ಕಾಜಲ್‌ಗೆ ತೋರಿಸಿ, "ಹದಿನಾಕ ಹೌದಿಲ್ಲೋ ನೋಡವಾ ತಂಗಿ" ಎಂದಳು.